ಇಪ್ಪತ್ತೊಂದು ನೂರನೇ ಮನೆ

೧೭ ಜೂನ್ ೧೯೯೪

ಫಕ್ರುದ್ದೀನ್ ಮಾಸ್ತರರು ಹೋದ ಶನಿವಾರ ಕಮಲಾಪುರದ ಬಸ್ಸಿನಲ್ಲಿ ತೀರಿಕೊಂಡರು. ಕಿಟಕಿಗೆ ತಲೆಯಾನಿಸಿ ಕೂತವರನ್ನು ಊರು ಬಂದಾಗ ಕಂಡಕ್ಟರ್ ಭುಜ ಹಿಡಿದು ಅಲುಗಿಸಿದನಂತೆ, ಏಳಲಿಲ್ಲ. ದಾರಿಯಲ್ಲಿ ಯಾವ ಹಳ್ಳಿಯ ಹತ್ತಿರ ಜೀವ ಹೋಯಿತೆಂದು ಬಸ್ಸಿನಲ್ಲಿದ್ದ ಯಾರಿಗೂ ಗೊತ್ತಿಲ್ಲ. ಟಿಕೆಟ್ಟು ಕಮಲಾಪುರದ್ದು, ಇಳಿದದ್ದು ಎಲ್ಲೋ. ಅಂದಿನಿಂದ ಈ ಲೆಕ್ಕ ನನಗೆ ಕೂಡುತ್ತಿಲ್ಲ. ಯಾರ ಮುಂದೆಯೂ ಹೇಳುವಂಥದ್ದಲ್ಲ, ಅದಕ್ಕೇ ಈ ಡೈರಿ ತೆಗೆದಿದ್ದೇನೆ.

ನನಗೆ ಬರೆಯುವುದಕ್ಕಿಂತ ಮಾತಾಡುವುದು ಸಲೀಸು. ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವನ ಮಗ, ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಟೈಪ್ ಮಾಡುತ್ತಿದ್ದ ಮಾಪಣ್ಣ, ಇವತ್ತು ಕಲಬುರ್ಗಿಯ ಜಗತ್ ಬಡಾವಣೆಯಲ್ಲಿ ಬಟ್ಟೆ ಅಂಗಡಿಯ ಮೇಲೆ ಕಂಪ್ಯೂಟರ್ ಕ್ಲಾಸಿನ ಬೋರ್ಡು ಹಾಕಿದ್ದಾನೆಂದರೆ ಅದರಲ್ಲಿ ನಾಲಿಗೆಯ ಪಾಲು ಹೆಚ್ಚು, ವಿದ್ಯೆಯ ಪಾಲು ಕಡಿಮೆ. ವಿದ್ಯೆಯ ಪಾಲು ಮಾಸ್ತರರದು. ಪಾಲಿಟೆಕ್ನಿಕ್ ಹುಡುಗರಿಗೆ ಮೈಕ್ರೋಪ್ರೊಸೆಸರ್ ಪೇಪರು, ಅದರೊಳಗಿನ ಅಸೆಂಬ್ಲಿ ಭಾಷೆ ಅಂದರೆ ಯಮಗಂಡ. ಅದನ್ನು ಹೇಳಿಕೊಡುವವರು ಈ ಊರಲ್ಲಿ ಅವರೊಬ್ಬರೇ ನನಗೆ ಸಿಕ್ಕಿದ್ದರು.

ಸಿಕ್ಕಿದ್ದರೂ ನಾನು ಗೊಣಗುತ್ತಿದ್ದೆ. ಒಂದು ಮಾತಿಗೆ ಅರ್ಧ ಮಾತು ಆಡುವವರು. ಕೈ ಹಿಂದೆ ಕಟ್ಟಿಕೊಂಡು ಹುಡುಗರ ಕುರ್ಚಿಯ ಹಿಂದೆ ನಿಲ್ಲುವರು, ತಪ್ಪು ಒತ್ತಿದರೂ ಅವರ ಕೀಲಿಗಳನ್ನು ತಾವು ಮುಟ್ಟುವವರಲ್ಲ. ಕೊನೆಗೊಮ್ಮೆ ಮೆಲ್ಲಗೆ, ತಮಗೇ ಕೇಳಿಸುವಷ್ಟು, ತಿಳಿಯಿತೇ ಎಂಬುದಕ್ಕೆ "ಸಮಜಾತೇನು?" ಅಂತ. ಚಹಾ ಬಂದರೆ ತಣ್ಣಗಾಗಲು ಬಿಟ್ಟು ಕುಡಿಯುವರು. ಅಂಗಿಯ ಜೇಬಿನಲ್ಲಿ ಸದಾ ಸೀಮೆಸುಣ್ಣದ ತುಂಡು. ಇಂಥವರನ್ನು ಮುಂದಿಟ್ಟುಕೊಂಡು ಕ್ಲಾಸಿನ ಪ್ರಚಾರ ಮಾಡುವುದು ಹೇಗೆ?

ನವೆಂಬರಿನಲ್ಲಿ ಪರೀಕ್ಷೆ. ಇನ್ನೊಬ್ಬ ಮಾಸ್ತರನನ್ನು ಹುಡುಕಿದೆ. ಯಾರೂ ಇಲ್ಲ.

೨೬ ಜೂನ್

ನಾನೇ ಕಲಿಸುತ್ತೇನೆ ಎಂದು ಹೇಳಿಬಿಟ್ಟೆ. ಬಾಯಿ ಮೊದಲು ಹೋಗುತ್ತದೆ, ಮಾಪಣ್ಣ ಹಿಂದಿನಿಂದ ಏದುಸಿರು ಬಿಡುತ್ತ ಓಡುತ್ತಾನೆ, ಯಾವಾಗಲೂ ಹೀಗೆಯೇ.

ಬ್ಯಾಚಿನಲ್ಲಿ ಅಮೃತ ಎಂಬ ಹುಡುಗಿ ಇದ್ದಾಳೆ. ಕಮಲಾಪುರದಿಂದ ದಿನಾ ಬಸ್ಸಿಗೆ ಬರುವವಳು. ಕ್ಲಾಸಿಗೆ ಒಂದು ತಾಸು ಮೊದಲು ಬಂದು ನನಗೆ ಹೇಳಿಕೊಡುತ್ತಾಳೆ, ಆಮೇಲೆ ನಾನು ಅದನ್ನೇ ಅವಳಿಗೂ ಉಳಿದವರಿಗೂ ಹೇಳುತ್ತೇನೆ. ಅವಳು ನಗದೆ ಕೇಳಿಸಿಕೊಳ್ಳುತ್ತಾಳೆ. ದೊಡ್ಡ ಗುಣ.

ತಿಳಿದಷ್ಟು ಬರೆದಿಡುತ್ತೇನೆ. ನಮ್ಮಲ್ಲಿರುವುದು ಎಂಭತ್ತು ಎಂಭತ್ತೈದು ಎನ್ನುವ ಕಿಟ್. ಊಟದ ತಟ್ಟೆಯಷ್ಟು ಹಲಗೆ, ಮೇಲೆ ಕೀಲಿಗಳು, ಕೆಂಪು ಅಂಕಿ ತೋರಿಸುವ ಆರು ಕಿಟಕಿ. ಇದಕ್ಕೆ ಅಂಕಿ ಬಿಟ್ಟು ಏನೂ ತಿಳಿಯದು. ಮನುಷ್ಯರಿಗೆ ಬರೀ ಅಂಕಿ ನೆನಪಿರುವುದಿಲ್ಲ, ಅದಕ್ಕೆ ಒಂದೊಂದು ಅಂಕಿಗೆ ಒಂದೊಂದು ಗಿಡ್ಡ ಹೆಸರು ಕೊಟ್ಟಿದ್ದಾರೆ. ಆ ಹೆಸರುಗಳೇ ಅಸೆಂಬ್ಲಿ. ‘ಎಂವಿಐ ಎ, ಐದು’ ಅಂದರೆ ಮಷೀನಿನ ಅಂಗೈಯಲ್ಲಿ ಐದು ಇಡು. ಅಂಗೈಯ ಹೆಸರು ಎ. ‘ಆ್ಯಡ್ ಬಿ’ ಅಂದರೆ ಬಿ ಎಂಬ ಇನ್ನೊಂದು ಕೈಯಲ್ಲಿರುವುದನ್ನು ಇದಕ್ಕೆ ಕೂಡಿಸು. ಹೆಸರನ್ನು ಹಾಳೆಯ ಮೇಲೆ ಬರೆದು, ಪಕ್ಕದಲ್ಲಿ ಅದರ ಅಂಕಿ ಹುಡುಕಿ ಬರೆದು, ಆ ಅಂಕಿಗಳನ್ನು ಒಂದೊಂದಾಗಿ ಒತ್ತಬೇಕು. ಒಂದು ಅಂಕಿಗೆ ಒಂದು ಮನೆ. ಮನೆಗಳಿಗೆ ನಂಬರು. ನಮ್ಮ ಹುಡುಗರ ಓಣಿ ಇಪ್ಪತ್ತು ನೂರನೇ ಮನೆಯಿಂದ ಶುರುವಾಗುತ್ತದೆ. ಮಷೀನು ಆ ಮನೆಯಿಂದ ಹೊರಟು ಸಾಲಾಗಿ ಬಾಗಿಲು ತಟ್ಟುತ್ತ ಹೋಗುತ್ತದೆ. ಒಳಗೆ ಏನು ಹೇಳಿದೆಯೋ ಅದನ್ನು ಮಾಡುತ್ತದೆ, ಮುಂದಿನ ಮನೆಗೆ ಹೋಗುತ್ತದೆ. ಯಾಕೆ ಎಂದು ಕೇಳುವುದಿಲ್ಲ. ಇಂಥ ಆಳು ನನಗೆ ಒಬ್ಬನೂ ಸಿಕ್ಕಿರಲಿಲ್ಲ.

ಮುಖ್ಯವಾದದ್ದು ಕೊನೆಯ ಮನೆಯಲ್ಲಿ ‘ಹಾಲ್ಟ್’ ಇಡುವುದು. ನಿಲ್ಲು ಎನ್ನದಿದ್ದರೆ ಅದು ನಿಲ್ಲುವುದಿಲ್ಲವಂತೆ. ಎಲ್ಲಿಗೆ ಹೋಗುತ್ತದೆ ಎಂದು ಅಮೃತಳನ್ನು ಕೇಳಿದೆ. "ಎಲ್ಲಿಗ್ಯಾರ ಹೋಗ್ತದ್ರಿ ಸರ" ಎಂದಳು.

೨ ಜುಲೈ

ಎಲ್ಲಿಗೆ ಹೋಗುತ್ತದೆಂದು ಇವತ್ತು ಗೊತ್ತಾಯಿತು.

ನಾಗಣ್ಣ ಎನ್ನುವ ಹುಡುಗ ಎರಡು ಅಂಕಿ ಕೂಡಿಸುವ ಲೆಕ್ಕ ಹಾಕಿ ಓಡಿಸಿದ. ಕಿಟಕಿಗಳು ಒಮ್ಮೆ ಆರಿದವು. ಆಮೇಲೆ ಬಲಗಡೆಯ ಎರಡರಲ್ಲಿ ಅರವತ್ತು ಎಂದು ಮೂಡಿತು. ಐವತ್ತೊಂಬತ್ತು. ಐವತ್ತೆಂಟು. ಯಾರೂ ಏನೂ ಒತ್ತುತ್ತಿಲ್ಲ.

ಇಡೀ ಕ್ಲಾಸು ಅದನ್ನು ಗುರುತು ಹಿಡಿಯಿತು. ಮಾಸ್ತರರು ಅಭ್ಯಾಸ ಪರೀಕ್ಷೆ ಇಟ್ಟಾಗ ಹಾಕುತ್ತಿದ್ದ ಗಡಿಯಾರ ಅದು. ಅರವತ್ತರಿಂದ ಸೊನ್ನೆಗೆ ಇಳಿಯುತ್ತದೆ, ಮತ್ತೆ ಅರವತ್ತು. ಅದನ್ನು ಹಚ್ಚಿ ಅವರು ಕುರ್ಚಿಗಳ ಹಿಂದೆ ಹೆಜ್ಜೆ ಸಪ್ಪಳವಿಲ್ಲದೆ ಓಡಾಡುತ್ತಿದ್ದರು.

ನಾಗಣ್ಣ ಕೀಲಿಯ ಮೇಲಿಂದ ಕೈ ತೆಗೆದು ಎದೆಗೆ ಒತ್ತಿಕೊಂಡ. ಹಿಂದೆ ತಿರುಗಿ ನೋಡದೆ, "ಸರ, ಫಕ್ರುದ್ದೀನ್ ಸರ ಬಂದಾರ್ರಿ" ಎಂದ. ಯಾರೂ ನಗಲಿಲ್ಲ. ಯಾರೂ ಹಿಂದೆಯೂ ತಿರುಗಲಿಲ್ಲ. ನಾನು ತಿರುಗಿದೆ, ಕ್ಲಾಸಿನ ಯಜಮಾನ ನಾನು. ಕುರ್ಚಿಗಳ ಹಿಂದೆ ಗೋಡೆ ಇತ್ತು. ಗೋಡೆಯಷ್ಟೇ ಇತ್ತು ಎಂದು ಬರೆಯಲು ಯಾಕೋ ಕೈ ತಡೆಯುತ್ತದೆ.

೫ ಜುಲೈ

ಅಮೃತ ಬಿಡಿಸಿದಳು. ನಾಗಣ್ಣ ಹಾಲ್ಟ್ ಹಾಕಿರಲಿಲ್ಲ. ಅವನ ಮನೆಗಳು ಮುಗಿದ ಮೇಲೆ ಇರುವವೆಲ್ಲ ಸೊನ್ನೆ. ಸೊನ್ನೆಗೂ ಈ ಮಷೀನಿನಲ್ಲಿ ಅರ್ಥವಿದೆ: ಏನೂ ಮಾಡಬೇಡ, ಮುಂದೆ ಹೋಗು. ಖಾಲಿ ಮನೆಗಳ ಓಣಿ ದಾಟಿ ದಾಟಿ ಅದು ಇಪ್ಪತ್ತೊಂದು ನೂರನೇ ಮನೆಗೆ ಮುಟ್ಟಿದೆ. ಅಲ್ಲಿ ಮಾಸ್ತರರು ಗಡಿಯಾರ ಇಟ್ಟು ಹೋಗಿದ್ದಾರೆ. ಹಲಗೆಗೆ ಒಂದು ಪುಟ್ಟ ಸೆಲ್ಲು ಬೆಸೆದಿದೆ. ಕರೆಂಟು ತೆಗೆದರೂ ಇಟ್ಟದ್ದು ಅಳಿಯುವುದಿಲ್ಲ. ಇಟ್ಟವನು ಅಳಿದರೂ ಎಂದು ನಾನು ಸೇರಿಸಿದೆ.

ವಿಷಯ ಇಷ್ಟೇ. ಆದರೆ ಇಷ್ಟೇ ಎಂದು ಹೊರಗೆ ಹೇಳಿದರೆ ನಾನು ಮಾಪಣ್ಣನೇ ಅಲ್ಲ. ಚಹಾದಂಗಡಿಯಲ್ಲಿ ದನಿ ತಗ್ಗಿಸಿ ಹೇಳಿದೆ: ನಮ್ಮಲ್ಲಿ ಮಾಸ್ತರರು ಸತ್ತರೂ ಪಾಠ ಬಿಡುವುದಿಲ್ಲ, ತಪ್ಪು ಮಾಡಿದವನ ಮಷೀನಿನಲ್ಲಿ ಬಂದು ಕೂಡುತ್ತಾರೆ. ಸಂಜೆಯೊಳಗೆ ಮಾತು ಶರಣಬಸವೇಶ್ವರ ಗುಡಿಯ ಕಡೆಯ ಹಾಸ್ಟೆಲುಗಳನ್ನೆಲ್ಲ ಸುತ್ತಿತು. ಇಬ್ಬರು ಹೆದರಿ ಕ್ಲಾಸು ಬಿಟ್ಟರು, ಅದಕ್ಕಿಂತ ಹೆಚ್ಚು ಮಂದಿ ನೋಡಲು ಬಂದು ಹೆಸರು ಹಚ್ಚಿದರು. ಒಟ್ಟಿನಲ್ಲಿ ಜಮಾ.

೧೬ ಜುಲೈ

ಕಮಲಾಪುರಕ್ಕೆ ಹೋಗಿ ಬಂದೆ. ಮಣ್ಣಿನ ದಿನ ಸುದ್ದಿ ತಡವಾಗಿ ಮುಟ್ಟಿ ಹೋಗಲಾಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಸೀಟು ಖಾಲಿ ಇದ್ದರೂ ನಿಂತೇ ಹೋದೆ. ಒಂದೊಂದು ಹಳ್ಳಿ ಬಂದಾಗಲೂ ಇಲ್ಲೇನೋ, ಇಲ್ಲೇನೋ ಎನ್ನಿಸಿತು.

ಮಾಸ್ತರರ ತಮ್ಮ ಸಲಾವುದ್ದೀನ್ ಕೆಂಪು ಬಾಳೆಹಣ್ಣಿನ ವ್ಯಾಪಾರದವನು. ಕೈ ಹಿಡಿದು ಒಳಗೆ ಕರೆದು ಕೂರಿಸಿದ. ಮಾಸ್ತರರ ಹೆಂಡತಿ ಇಕ್ಬಾಲ್ ಬೇಗಂ ಇದ್ದತ್‌ನಲ್ಲಿದ್ದಾರೆ. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವ ಹಾಗಿಲ್ಲ, ಪರ ಗಂಡಸರ ಎದುರಿಗೂ ಬರುವ ಹಾಗಿಲ್ಲ. ಪರದೆಯ ಆಚೆ ಕೂತಿದ್ದರು. ನಾನು ಕಲಿತು ಬಂದ ಸಮಾಧಾನದ ಮಾತನ್ನೆಲ್ಲ ಆಡಿದೆ. ಪರದೆಗೆ ಮಾತಾಡಿದ ಹಾಗೆಯೇ.

ಎದ್ದು ಹೊರಡುವಾಗ ದನಿ ಬಂತು.

"ಮಾಪಣ್ಣ ಭಾಯಿ, ನಿಮ್ಮ ಪೆಟ್ಟಿಗ್ಯಾಗ ಅವರು ಬರ್ತಾರಂತ. ಖರೆನ?"

ಮಾತು ಇಲ್ಲಿಯವರೆಗೂ ಬಸ್ಸು ಹತ್ತಿ ಬಂದಿತ್ತು. ಅಮೃತಳ ಊರೂ ಇದೇ, ಆದರೆ ಅವಳು ಹೇಳುವವಳಲ್ಲ. ಅವರು ಮಾಡಿಟ್ಟ ಒಂದು ಗಡಿಯಾರ ಇದೆ ಅಂದೆ.

"ನಾ ಬರೂ ತನಕ ಅದನ್ನ ಹಂಗೇ ಇಡ್ರಿ. ಯಾರೂ ಅಳಿಸೂದು ಬ್ಯಾಡ."

ಇಟ್ಟೇ ಇಡುತ್ತೇನೆ ಎಂದು ಮಾತು ಕೊಟ್ಟೆ. ಪಾಪ, ಗಂಡನದು ಉಳಿದಿರುವುದು ಇದೊಂದೇ ಎಂದುಕೊಂಡಿರಬೇಕು. ಅಕ್ಟೋಬರಿನ ತನಕ ಒಂದು ಹಲಗೆಯನ್ನು ಕಾಯುವುದು ಏನು ಮಹಾ?

೯ ಆಗಸ್ಟ್

ಮಹಾ ಕೆಲಸವೇ. ನಿನ್ನೆ ಕರೆಂಟು ಹೋಗಿ ಬಂದಾಗ ಹುಡುಗರ ಮನೆಗಳಲ್ಲಿ ಕೆಲವು ಅಂಕಿ ತಾವೇ ಬದಲಾಗಿದ್ದವು. ಇಪ್ಪತ್ತೊಂದು ನೂರಕ್ಕೆ ಹೋಗಿ ಓಡಿಸಿದೆ. ಅರವತ್ತು ಮೂಡಿತು. ದೇವರಿದ್ದಾನೆ.

ಕೆಳಗಿನ ಗಲ್ಲಿಯ ರೇಡಿಯೋ ರಿಪೇರಿ ಭೀಮಶಾನನ್ನು ಕರೆತಂದೆ. ಅವನು ಹಲಗೆ ತಿರುವಿ ಹಾಕಿ, ಸೆಲ್ಲು ಹಸಿರುಗಟ್ಟಿದೆ, ಇವತ್ತೋ ನಾಳೆಯೋ ಹೋಗುತ್ತದೆ ಎಂದ. ಬದಲಾಯಿಸಲು ಕರೆಂಟು ಇರುವಾಗಲೇ ಬೆಸುಗೆ ಬಿಡಿಸಬೇಕು. ನಡುವೆ ಕರೆಂಟು ಹೋದರೆ ಎಲ್ಲ ಹೋಯಿತು. ಕಲಬುರ್ಗಿಯ ಕರೆಂಟನ್ನು ನಂಬಿ ಯಾರು ಬೆಸುಗೆ ಬಿಡಿಸುತ್ತಾರೆ? ಕೊನೆಗೆ ಅವನೇ ಉಪಾಯ ತೆಗೆದ. ಹಳೆಯದನ್ನು ಮುಟ್ಟದೆ, ಬ್ಯಾಟರಿ ಲೈಟಿನ ಮೂರು ಸೆಲ್ಲು ಕಟ್ಟಿ ತಂತಿ ಎಳೆದು ಪಕ್ಕದಲ್ಲಿ ಜೋಡಿಸಿದ. ಈಗ ಕಿಟ್ಟು ಸಲೈನ್ ಹಚ್ಚಿದ ಪೇಷಂಟಿನ ಹಾಗೆ ಮಲಗಿದೆ.

"ಅಣ್ಣಾ, ಇಷ್ಟ್ಯಾಕ ಜೀವ ಹಿಡಿತಿ ಇದಕ್ಕ? ಹೊಸಾದು ತರಬಾರದ?" ಎಂದ ಭೀಮಶಾ.

ಹೊಸದರಲ್ಲಿ ಅವರಿಲ್ಲ ಎಂದುಬಿಟ್ಟೆ. ಅವನು ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಚಹಾದಂಗಡಿಯಲ್ಲಿ ಆಡಿದ ಮಾತನ್ನೇ ಆಡಿದ್ದೆ. ಆದರೆ ಈ ಸಲ ದನಿ ತಗ್ಗಿಸಿರಲಿಲ್ಲ, ಕಣ್ಣು ಮಿಟುಕಿಸಿರಲಿಲ್ಲ.

ಇನ್ನು ಕಿಟ್ಟಿನ ಸ್ವಿಚ್ಚು ಆರಿಸುವುದಿಲ್ಲ. ಕರೆಂಟು ಹೋದರೆ ಸೆಲ್ಲು ಇದೆ, ಸೆಲ್ಲು ಸೋತರೆ ಕರೆಂಟು. ಎರಡೂ ಒಟ್ಟಿಗೆ ಹೋಗದಿದ್ದರೆ ಸಾಕು.

೨೭ ಆಗಸ್ಟ್

ನನ್ನ ಹೆಂಡತಿ ಪುತಳಾಬಾಯಿ ಅಂಗಿ ಒಗೆಯುವಾಗ ಜಗಳ ತೆಗೆದಳು. ಜೇಬಿನ ತುಂಬ ಸುಣ್ಣದ ಪುಡಿ, ನೀರಿಗೆ ಹಾಕಿದರೆ ಅಂಟು ಹಿಡಿಯುತ್ತದೆಯಂತೆ. ಬೋರ್ಡಿನ ಮೇಲೆ ಬರೆಯುವವನಿಗೆ ಸುಣ್ಣ ಹತ್ತದೆ ಅತ್ತರು ಹತ್ತುತ್ತದೆಯೇ?

ಊಟಕ್ಕೆ ಕೂತಾಗ ಮತ್ತೆ ಶುರು. "ನಿಮ್ಮ ಬಾಯಿಗೆ ಏನಾಗ್ಯಾದ? ಮೊದಲ ಮುಚ್ಚು ಅಂದ್ರ ಮುಚ್ಚುತ್ತಿರಲಿಲ್ಲ, ಈಗ ತೆಗಿ ಅಂದ್ರ ತೆಗಿಯವಲ್ರಿ." ದಿನವಿಡೀ ಪಾಠ ಹೇಳಿ ದಣಿದಿರುತ್ತದೆ ಅಂದೆ. ಅವಳು ಕೊಟ್ಟ ಚಹಾ ಹಾಗೇ ಇತ್ತು. ಬಿಸಿ ಇದ್ದಾಗ ಕುಡಿದರೆ ರುಚಿಯೇ ತಿಳಿಯುವುದಿಲ್ಲ, ಇಷ್ಟು ವರ್ಷ ಅದು ಹೇಗೆ ಕುಡಿಯುತ್ತಿದ್ದೆನೋ.

೧೦ ಸೆಪ್ಟೆಂಬರ್

ಮಾಸ್ತರರ ಗಡಿಯಾರವನ್ನು ಪೂರ್ತಿ ಓದಿದೆ. ಮನೆಯಿಂದ ಮನೆಗೆ ಹೋಗಿ, ಅಲ್ಲಿರುವ ಅಂಕಿಗೆ ಯಾವ ಹೆಸರೆಂದು ಹುಡುಕುತ್ತ. ಅಂಗೈಯಲ್ಲಿ ಅರವತ್ತು ಇಡು. ತೋರಿಸು. ಕಾಯು. ಒಂದು ಕಳೆ. ಸೊನ್ನೆಯಾಗದಿದ್ದರೆ ಹಿಂದಕ್ಕೆ ಹೋಗು. ಸೊನ್ನೆಯಾದರೆ ಮೊದಲ ಮನೆಗೆ ಜಿಗಿ. ನಲವತ್ತು ಐವತ್ತು ಮನೆಗಳಷ್ಟೇ. ಕೋರ್ಟಿನಲ್ಲಿ ಇಷ್ಟು ಚೊಕ್ಕ ಅರ್ಜಿ ನಾನು ಒಂದೂ ಬರೆಯಲಿಲ್ಲ. ಒಂದು ಮಾತು ಹೆಚ್ಚಿಲ್ಲ. ‘ಕಾಯು’ ಎನ್ನುವ ಕಡೆ ಮಷೀನು ಒಂದು ದೊಡ್ಡ ಅಂಕಿಯನ್ನು ಸುಮ್ಮನೆ ಕಳೆಯುತ್ತ ಕೂರುತ್ತದೆ. ಅದರ ಕಾಯುವುದು ಅಂದರೆ ಅದೇ, ಬೇರೆ ಕೆಲಸವಿಲ್ಲದೆ ಎಣಿಸುವುದು.

ಕ್ಲಾಸು ಬಿಟ್ಟ ಮೇಲೆ ಅದನ್ನು ಹಚ್ಚಿ ಮುಂದೆ ಕೂರುತ್ತೇನೆ. ಸೊನ್ನೆ ಬಂದಾಗ ಇಷ್ಟೇ ಎನ್ನಿಸುತ್ತದೆ. ತಕ್ಷಣ ಅರವತ್ತು. ಬಸ್ಸಿನಲ್ಲಿ ಆ ಹೊತ್ತು ಇವರು ಎಲ್ಲಿಗೆ ಜಿಗಿದರು?

ಇವತ್ತು ಅಮೃತ ಹಾಗೆ ಕೂತವನನ್ನು ನೋಡಿದಳು. ಸ್ವಲ್ಪ ನಿಂತು, ಎಲ್ಲಾ ಅಂಕಿ ಒಂದು ಹಾಳೆಗೆ ಬರೆದುಕೊಂಡರೆ ಮುಗಿಯಿತು, ಅಳಿದರೂ ತಿರುಗಿ ಹಾಕಬಹುದು, ಇಷ್ಟು ಚಿಂತೆ ಯಾಕೆ ಎಂದಳು. ಬರೆದುಕೊಳ್ಳುವುದು ನನಗೆ ತಿಳಿಯದ್ದೇ? ಹುಟ್ಟಿದಾಗಿನಿಂದ ಅದನ್ನೇ ಮಾಡಿದವನು.

"ಆವಾಗ ಅದು ನಾ ಹಾಕಿದ್ದಾಗ್ತದ. ಅವರು ಒತ್ತಿದ್ದು ಆಗೂದಿಲ್ಲ."

"ಮಷೀನಿಗೆ ಫರಕ್ ತಿಳಿಯೂದಿಲ್ರಿ ಸರ."

"ಅವರ ಹೆಂಡತಿಗಿ ತಿಳಿತದ. ನನಗ ತಿಳಿತದ."

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ, ಮನೆಗೆ ಹೋಗಿ ಎಂದು ನನಗೇ ಬುದ್ಧಿ ಹೇಳಿದಳು.

೨೮ ಸೆಪ್ಟೆಂಬರ್

ಬೆಳಗಿನಿಂದ ಕರೆಂಟಿಲ್ಲ. ಹೊಸ ಸೆಲ್ಲು ಜೋಡಿಸಿದ ಮೇಲೆಯೇ ಸೋತವನ್ನು ಬಿಚ್ಚಿದೆ. ಪಕ್ಕದಲ್ಲೇ ಕೂತಿದ್ದೇನೆ.

ಕೆಳಗೆ ಚಹಾದಂಗಡಿಯವರು ಮಾಸ್ತರರ ಕಥೆ ಹೇಳು ಎಂದು ಕೂಗಿದರು. ಹೋಗಲಿಲ್ಲ. ಕಥೆ ಏನಿದೆ ಅದರಲ್ಲಿ?

೫ ಅಕ್ಟೋಬರ್

ಕ್ಲಾಸು ಚೆನ್ನಾಗಿ ನಡೆದಿದೆ. ನಾಗಣ್ಣ ತಪ್ಪು ಒತ್ತಿದ. ಹಿಂದೆ ನಿಂತು ಸುಮ್ಮನೆ ನೋಡಿದೆ. ತಾನೇ ಕಂಡುಕೊಂಡು ತಿದ್ದಿದ. ಮುಟ್ಟಿದ್ದರೆ ನನ್ನದಾಗುತ್ತಿತ್ತು. ಆಮೇಲೆ ಅವನು, ನೀವು ಹಿಂದೆ ಬಂದದ್ದು ಸಪ್ಪಳವೇ ಆಗಲಿಲ್ಲ, ಜೀವ ಹಾರಿತು ಎಂದ. ಚಪ್ಪಲಿ ಹೊಸದು, ಅದಕ್ಕೆ.

೧೮ ಅಕ್ಟೋಬರ್

ಇದ್ದತ್ ಮುಗಿದಿದೆ. ನಾಳೆ ಇಕ್ಬಾಲ್ ಬೇಗಂ ಮೈದುನನ ಜೊತೆ ಬರುತ್ತಾರೆಂದು ಅಮೃತ ಸುದ್ದಿ ತಂದಳು. ಮೇಜು ಒರೆಸಿದೆ. ಕಿಟ್ಟಿನ ಮೇಲಿನ ಧೂಳನ್ನು ಊದಿ ಊದಿ ತೆಗೆದೆ. ಗಡಿಯಾರ ಓಡುತ್ತದೆ. ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ಆಕೆ ಅದನ್ನು ನೋಡಿ ಅಳುತ್ತಾರೆ, ಆಮೇಲೆ ಆಗಾಗ ಬಂದು ನೋಡುತ್ತಾರೆ. ಎಷ್ಟು ವರ್ಷವಾದರೂ ಇಡಲು ನಾನು ತಯಾರು.

೧೯ ಅಕ್ಟೋಬರ್

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಕ್ಲಾಸು ಮುಗಿಯುವ ಹೊತ್ತಿಗೆ ಬಂದರು. ಅತ್ತಿಗೆ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದಾರೆಂದು ಸಲಾವುದ್ದೀನ್ ಒಳಗೆ ಬಂದು ಹೇಳಿದ. ಮೇಲೆ ಹತ್ತಲೊಲ್ಲರು, ಕೆಳಗೂ ಇಳಿಯಲೊಲ್ಲರು. ಹುಡುಗರನ್ನು ಕಳಿಸಿ ನಾನೇ ಹೋಗಿ ಕರೆದೆ. ಬುರ್ಖಾದ ಮುಖಪರದೆ ಮೇಲೆತ್ತಿ ನನ್ನನ್ನು ನೋಡಿದರು. ನಾನು ಎಣಿಸಿದ್ದಕ್ಕಿಂತ ಸಣ್ಣ ವಯಸ್ಸು. ಕಣ್ಣ ಕೆಳಗೆ ಮಸಿ ಬಳಿದ ಹಾಗೆ ಕಪ್ಪು. ಒಳಗೆ ಬಂದರು.

ಕೂರಿಸಿ, ಹಚ್ಚಿ ತೋರಿಸಿದೆ. ಅರವತ್ತು ಇಳಿಯುತ್ತ ಹೋಯಿತು. ಸಲಾವುದ್ದೀನ್ ಗೋಡೆಗೆ ಮುಖ ಮಾಡಿದ. ಅವರು ಅಳಲಿಲ್ಲ, ಹಾಲು ಉಕ್ಕದಂತೆ ಒಲೆ ಕಾಯುವವರ ಹಾಗೆ ನೋಡುತ್ತಿದ್ದರು. ಸೊನ್ನೆ ಬಂತು, ಮತ್ತೆ ಅರವತ್ತು ಮೂಡಿತು.

"ಮತ್ತ್ಯಾಕ ಶುರು ಆತು?"

ಮಾಸ್ತರರು ಬರೆದದ್ದೇ ಹಾಗೆ ಎಂದೆ. ಸೊನ್ನೆಯಾದ ಮೇಲೆ ಮೊದಲಿಗೆ ಹೋಗೆಂದು ಹೇಳಿದ್ದಾರೆ. ನಿಲ್ಲುವುದಿಲ್ಲ. ನಾನು ಇದನ್ನು ಹೇಗೆ ಕಾಪಾಡಿದೆ, ಸೆಲ್ಲು, ತಂತಿ, ಭೀಮಶಾ, ಎಲ್ಲ ಹೇಳಿದೆ. ಎಷ್ಟು ದಿನ ಬೇಕಾದರೂ ಇರುತ್ತದೆ ಎಂದೆ.

"ಇದನ್ನ ಅಳಸ್ರಿ ಭಾಯಿ."

ನನಗೆ ಅರ್ಥವಾಗಲಿಲ್ಲ. ನೀವೇ ಇಡಲು ಹೇಳಿದ್ದಿರಿ ಎಂದೆ.

"ನಾ ಬರೂ ತನಕ ಅಂದಿದ್ದೆ. ನೀವು ಅಳಿಸಿ, ‘ಅಳಿಸೀವಿ’ ಅಂತ ಹೇಳಿ ಕಳಿಸಿದ್ರ ನಾ ನಂಬತಿರಲಿಲ್ಲ. ನನ್ನ ಕಣ್ಣಲೆ ನೋಡಬೇಕಿತ್ತು." ದನಿ ಏರಲಿಲ್ಲ. "ಇಡೀ ಊರು ಅಂತದ, ಫಕ್ರುದ್ದೀನ್ ಜಗತ್ ಬಡಾವಣ್ಯಾಗ ಪೆಟ್ಟಿಗ್ಯಾಗ ಕುಂತಾನ, ಎಣಿಸಾಕತ್ತಾನ ಅಂತ. ನಾ ನಾಕ್ ತಿಂಗಳು ಒಂದು ಖೋಲ್ಯಾಗ ಕುಂತು ಅದನ್ನ ಕೇಳೀನಿ. ಕಣ್ಣು ಮುಚ್ಚಿದ್ರ ಅವರು ಎಣಿಸೂದು ಕೇಳ್ತದ. ಮಣ್ಣಿಗಿ ಹೋದವರಿಗಿ ಮಲಗಾಕ ಬಿಡಬಾರದ?"

ಆ ಮಾತನ್ನು ಊರಿಗೆ ಕಳಿಸಿದವನು ಎದುರಿಗೇ ನಿಂತಿದ್ದೆ. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ. ಗೊತ್ತಿತ್ತು ಎಂದೇ ನನಗೆ ಅನ್ನಿಸುತ್ತದೆ.

ಅಳಿಸುವುದು ಕಷ್ಟವೇನಲ್ಲ. ತಂತಿ ಕಿತ್ತು ಸ್ವಿಚ್ಚು ಆರಿಸಿದರೆ ಸಾಕು, ಹಳೆಯ ಸೆಲ್ಲು ಒಂದು ಗಳಿಗೆಯೂ ತಡೆಯದು. ಆದರೆ ಹಾಗೆ ಹೋದರೆ ಮನೆಗಳಲ್ಲಿ ಏನೇನೋ ಅಂಕಿ ತುಂಬಿಕೊಳ್ಳುತ್ತವೆ, ಕಸ. ಅದು ಬೇಡವೆನ್ನಿಸಿತು. ಒಂದೊಂದು ಮನೆಯಲ್ಲೂ ಸೊನ್ನೆ ಇಡುತ್ತೇನೆ ಎಂದೆ. ಇಪ್ಪತ್ತೊಂದು ನೂರಕ್ಕೆ ಹೋಗಿ ಕೀಲಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಬೆರಳು ಇದೆ, ಕೀಲಿ ಇದೆ, ನಡುವೆ ಯಾರೋ ಹಿಡಿದುಕೊಂಡ ಹಾಗೆ.

ಇಕ್ಬಾಲ್ ಬೇಗಂ ಕುರ್ಚಿ ಹತ್ತಿರ ಎಳೆದುಕೊಂಡರು.

"ಸರೀರಿ. ನಮ್ಮಲ್ಲಿ ಹೆಂಗಸ್ರು ಖಬರಸ್ತಾನಕ್ಕ ಹೋಗೂದಿಲ್ಲ. ಎಲ್ಲರೂ ಮೂರು ಹಿಡಿ ಮಣ್ಣು ಕೊಟ್ಟು ಬಂದ್ರು, ನಾ ಕೊಟ್ಟಿಲ್ಲ. ಎಲ್ಲಿ ಒತ್ತಬೇಕು ತೋರಸ್ರಿ."

ತೋರಿಸಿದೆ. ಸೊನ್ನೆ, ಸೊನ್ನೆ, ಮುಂದಿನ ಮನೆ. ಮೊದಲ ಮನೆಯಲ್ಲಿದ್ದ ಅಂಕಿ ಹೋಗಿ ಸೊನ್ನೆ ಬಂತು. ಅವರ ತುಟಿ ಅಲ್ಲಾಡುತ್ತಿತ್ತು, ಏನು ಓದುತ್ತಿದ್ದರೋ ಕೇಳಿಸಲಿಲ್ಲ. ಒಂದೊಂದು ಮನೆಗೂ ಅಷ್ಟೇ ಹೊತ್ತು, ಅವಸರವಿಲ್ಲ. ನನಗೆ ಎಲ್ಲ ಮನೆಯೂ ಬಾಯಿಪಾಠ. ಇದು ತೋರಿಸು ಎನ್ನುವುದು. ಇದು ಕಾಯು ಎನ್ನುವುದು. ಇದು ಹಿಂದಕ್ಕೆ ಜಿಗಿ ಎನ್ನುವುದು. ಒಂದೊಂದೂ ಅವರ ಬೆರಳ ಕೆಳಗೆ ಹೋಗುವುದನ್ನು ಕೈ ಹಿಂದೆ ಕಟ್ಟಿ ನಿಂತು ನೋಡಿದೆ.

ಮುಗಿದ ಮೇಲೆ, ಈಗ ಓಡಿಸಿ ಎಂದರು. ಇಪ್ಪತ್ತೊಂದು ನೂರರಿಂದ ಓಡಿಸಿದೆ. ಕಿಟಕಿಗಳು ಆರಿದವು. ಕಾದರು. ನಾನೂ ಕಾದೆ. ಏನೂ ಮೂಡಲಿಲ್ಲ.

"ಎಲ್ಲಿ ಹೋತು?"

"ಹೋಗಾಕತ್ತದ್ರಿ. ಎಲ್ಲಾ ಮನಿ ಖಾಲಿ ಅವ. ಎಲ್ಲೂ ನಿಲ್ಲಂಗಿಲ್ಲ."

ಅವರು ದೀರ್ಘವಾಗಿ ಉಸಿರು ಬಿಟ್ಟರು. ಸಲಾವುದ್ದೀನ್ ಕೆಳಗೆ ಆಟೋ ನಿಲ್ಲಿಸಲು ಹೋದ. ಅವರು ಎದ್ದು ಮುಖಪರದೆ ಇಳಿಬಿಟ್ಟು, ಬಾಗಿಲಲ್ಲಿ ಹೊರಳಿ ನಿಂತರು.

"ಪೆಟ್ಟಿಗಿದಂತೂ ಆತು, ಭಾಯಿ. ಮೆಟ್ಟಿಲ ಹತ್ತುವಾಗ ನನ್ನ ಕಾಲು ಯಾಕ ನಿಂತಿದ್ವು ಗೊತ್ತದೇನು? ಒಳಗ ಅವರು ಪಾಠ ಹೇಳಾಕತ್ತಿದ್ರು. ಅದೇ ದನಿ, ಅದೇ ಸಮಜಾತೇನು. ಅವರಿಗಿ ಬಿಟ್ಟುಬಿಡ್ರಿ. ನೀವು ನಿಮ್ಮಂಗ ಮಾತಾಡ್ರಿ."

ನಾನು ನನ್ನ ಹಾಗೆಯೇ ಮಾತಾಡುತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಯಾರ ದನಿ ಬರುತ್ತದೋ ಎಂದು ಹೆದರಿಕೆಯಾಗಿ ಮುಚ್ಚಿಕೊಂಡೆ.